ಒಳಗಿಟ್ಟರೆ ಚಟ ಬಿಟ್ಟೀತೆ?

ಕುಡಿತವೋ ಗಾಂಜಾವೋ ಮಾತ್ರೆಯೋ ಮಿತಿಮೀರಿದ ಮನೆಗಳಲ್ಲಿ ಕೊನೆಗೊಮ್ಮೆ ಬರುವ ಮಾತು ಒಂದೇ: ಎಲ್ಲಾದರೂ ಸೇರಿಸಿಬಿಡೋಣ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಸೀಮೆಯವರಿಗೆ ಹಾಗೆ ಸೇರಿಸಲು ಇಂದು ಜಾಗಗಳಿಗೆ ಕೊರತೆಯಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಖಾಸಗಿ ಆಸ್ಪತ್ರೆಗಳ ವಾರ್ಡುಗಳಿವೆ. ಬನ್ನೇರುಘಟ್ಟ ರಸ್ತೆ, ಕನಕಪುರ ರಸ್ತೆಗಳ ಕಡೆ ವಿಶಾಲ ಆವರಣದ ಪುನರ್ವಸತಿ ಕೇಂದ್ರಗಳಿವೆ, ಬಡಾವಣೆಗಳ ಒಳಗೆ ಬಾಡಿಗೆ ಮನೆಗಳಲ್ಲಿ ನಡೆಯುವ ಡಿ-ಅಡಿಕ್ಷನ್ ಸೆಂಟರುಗಳೂ ಇವೆ. ಸೇರಿಸುವುದೇ ಚಿಕಿತ್ಸೆ, ಹೆಚ್ಚು ದಿನ ಸೇರಿಸಿದರೆ ಹೆಚ್ಚು ಚಿಕಿತ್ಸೆ ಎಂಬ ನಂಬಿಕೆಯೊಂದು ಇದರ ಹಿಂದಿದೆ. ಆ ನಂಬಿಕೆ ವೈದ್ಯಶಾಸ್ತ್ರದಿಂದ ಬಂದದ್ದಲ್ಲ, ಹುಚ್ಚಾಸ್ಪತ್ರೆಯ ಕಾಲದಿಂದ ಉಳಿದುಬಂದದ್ದು ಎಂಬುದು ನನ್ನ ವಾದ. ಬೆಂಗಳೂರಿನ ಮನೋವೈದ್ಯರು ಸುಮಾರು ನೂರು ವರ್ಷಗಳಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಕಳಚುತ್ತ ಬಂದಿದ್ದಾರೆ. ಅವರು ಕಳಚಿದ್ದನ್ನು ಅವರ ಕಾಂಪೌಂಡಿನ ಆಚೆ, ಇದೇ ಬಡಾವಣೆಗಳಲ್ಲಿ, ಮತ್ತೆ ಕಟ್ಟಲಾಗುತ್ತಿದೆ.

ಕಥೆ 1847ರಿಂದ ಶುರುವಾಗುತ್ತದೆ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿದ್ದಾಗ ಬೆಂಗಳೂರಿನಲ್ಲಿ ಬುದ್ಧಿಭ್ರಮಣೆಯವರಿಗೆಂದು ಒಂದು ಆಲಯ ತೆರೆಯಿತು. ಆ ಕಾಲದ ಭಾರತದ ಇಂಥ ಆಲಯಗಳಿಗೆ ಜನ ಬರುತ್ತಿದ್ದುದು ಬಹುಮಟ್ಟಿಗೆ ಪೊಲೀಸರ ಮತ್ತು ಮ್ಯಾಜಿಸ್ಟ್ರೇಟರ ಕೈಯಿಂದ. ಬೀದಿಯಲ್ಲಿ ಅಲೆಯುತ್ತಿದ್ದವನನ್ನು ಹಿಡಿದು ತಂದಾಗ ಕಾಯಿಲೆಗೆ ಕಾರಣವೇನೆಂದು ದಾಖಲೆಪುಸ್ತಕದಲ್ಲಿ ಬರೆಯಲೇಬೇಕಿತ್ತು. ಕಾರಣ ಗೊತ್ತಿಲ್ಲದಿದ್ದರೆ ಗಾಂಜಾ ಎಂದು ಬರೆಯುವುದು ಸುಲಭವಾಗಿತ್ತು. ಈ ದಾಖಲೆಗಳನ್ನು ನಂಬಿ, ಗಾಂಜಾ ಸೇದಿದವರಿಂದಲೇ ಭಾರತದ ಹುಚ್ಚಾಸ್ಪತ್ರೆಗಳು ತುಂಬಿವೆ ಎಂಬ ಕೂಗು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎದ್ದಿತು. ಅದರ ಫಲವಾಗಿ 1893ರಲ್ಲಿ ನೇಮಕವಾದದ್ದು ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಆಯೋಗದವರು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿದರು, ಜೊತೆಗೆ ಬ್ರಿಟಿಷ್ ಇಂಡಿಯಾದ ಆಲಯಗಳಿಗೆ 1892ರಲ್ಲಿ ಸೇರಿದವರ ಪ್ರಕರಣಗಳನ್ನು ಒಂದೊಂದಾಗಿ ತೆಗೆದು ಪರಿಶೀಲಿಸಿದರು. ಗಾಂಜಾ ಕಾರಣವೆಂದು ಬರೆದಿದ್ದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹಿಡಿದು ತಂದ ಪೇದೆಯ ಊಹೆಯೇ ವೈದ್ಯರ ತೀರ್ಮಾನವಾಗಿ ದಾಖಲಾಗಿತ್ತು. ನಮ್ಮ ವಿಷಯಕ್ಕೆ ಇದು ಮುಖ್ಯವಾಗುವುದು ಒಂದು ಕಾರಣಕ್ಕೆ. ಚಟವಿರುವವನನ್ನು ಒಳಗೆ ಹಾಕುವ ಪದ್ಧತಿ ಈ ದೇಶದಲ್ಲಿ ಅವನ ಕಾಯಿಲೆಯನ್ನು ಅರಿತು ಹುಟ್ಟಲಿಲ್ಲ, ಬೀದಿಯನ್ನು ಶಾಂತವಾಗಿಡಬೇಕೆಂಬ ಆಡಳಿತದ ಅಗತ್ಯದಿಂದ ಹುಟ್ಟಿತು. ಒಳಗೆ ಹೋದವನಿಗೆ ಏನಾಗಬೇಕು ಎಂಬ ಪ್ರಶ್ನೆ ಬಂದದ್ದು ಆಮೇಲೆ.

ಆ ಪ್ರಶ್ನೆಯನ್ನು ಮೈಸೂರು ಸಂಸ್ಥಾನ ಗಂಭೀರವಾಗಿ ಎತ್ತಿಕೊಂಡಿತು. 1925ರಲ್ಲಿ ಆಲಯವನ್ನು ಮಾನಸಿಕ ಆಸ್ಪತ್ರೆಯಾಗಿ ಮಾರ್ಪಡಿಸಲಾಯಿತು. ಡಾ. ಫ್ರಾಂಕ್ ನೊರೊನ್ಹಾ ಅದರ ಮುಖ್ಯಸ್ಥರಾಗಿದ್ದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ ಆಸ್ಪತ್ರೆ ಇಕ್ಕಟ್ಟಾದ ಹಳೆಯ ಕಟ್ಟಡ ಬಿಟ್ಟು ಹೊಸೂರು ರಸ್ತೆಯ ಬಯಲಿಗೆ ಬಂತು. ಆಗ ಅದು ಊರಾಚೆಯ ಜಾಗ. ಗಾಳಿ ಬೆಳಕು ಬೇಕೆಂಬ ಉದ್ದೇಶವೂ ಅದರಲ್ಲಿತ್ತು, ಇಂಥವರು ಊರಿಂದ ದೂರವಿದ್ದರೆ ಚೆನ್ನ ಎಂಬ ಭಾವನೆಯೂ ಅದರಲ್ಲಿತ್ತು. ಎರಡನ್ನೂ ಒಪ್ಪಿಕೊಳ್ಳಬೇಕು. ಆದರೆ 1948ರಲ್ಲಿ ಜಯನಗರ ಬಡಾವಣೆಗೆ ಅಸ್ತಿಭಾರ ಬಿತ್ತು, ಮುಂದಿನ ದಶಕಗಳಲ್ಲಿ ದಕ್ಷಿಣ ದಿಕ್ಕಿಗೆ ಊರು ಬೆಳೆಯುತ್ತಲೇ ಹೋಯಿತು. ದೂರವಿರಲೆಂದು ಕಟ್ಟಿದ ಆಸ್ಪತ್ರೆಯ ಸುತ್ತ ಲಕ್ಕಸಂದ್ರ, ವಿಲ್ಸನ್ ಗಾರ್ಡನ್, ತಿಲಕನಗರ, ಬಿ.ಟಿ.ಎಂ. ಬಡಾವಣೆಗಳು ಒತ್ತಿಕೊಂಡು ನಿಂತವು. ಇದರಿಂದ ಆದ ಲಾಭ ಯಾವ ಯೋಜಕರ ನಕ್ಷೆಯಲ್ಲೂ ಇರಲಿಲ್ಲ. ಬಸ್ಸಿನಲ್ಲಿ ಹೋಗಿ ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ಮಾತ್ರೆ ತೆಗೆದುಕೊಂಡು ಸಂಜೆಗೆ ಮನೆ ಸೇರಬಹುದಾದ ಆಸ್ಪತ್ರೆಯಾಗಿ ಅದು ಸುತ್ತಲಿನವರಿಗೆ ಒದಗಿತು.

1954ರಲ್ಲಿ ಕೇಂದ್ರ ಸರ್ಕಾರ ಇಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ತೆರೆಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಆ ಸಂಸ್ಥೆಯೂ ರಾಜ್ಯದ ಮಾನಸಿಕ ಆಸ್ಪತ್ರೆಯೂ ಕೂಡಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. ಇತಿಹಾಸದ ದೃಷ್ಟಿಯಿಂದ ನನಗೆ ಈ ವಿಲೀನಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಕಾಲದ ಇನ್ನೆರಡು ಬದಲಾವಣೆಗಳು. ಮೊದಲನೆಯದು ಮನೆಯವರನ್ನು ಒಳಕ್ಕೆ ಬಿಟ್ಟದ್ದು. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಬಂಧುಗಳನ್ನು ಉಳಿಸಿಕೊಂಡಿದ್ದರು. ವೆಲ್ಲೂರಿನಲ್ಲೂ ಅದು ನಡೆಯಿತು, ಬೆಂಗಳೂರಿನಲ್ಲೂ ಬೇರುಬಿಟ್ಟಿತು. ಪಶ್ಚಿಮದ ಆಸ್ಪತ್ರೆಗಳಿಂದ ಕಲಿತದ್ದಲ್ಲ ಇದು, ನಮ್ಮಲ್ಲೇ ಮೂಡಿದ ತಿಳಿವಳಿಕೆ. ಎರಡನೆಯದು ಸಕಲವಾರ. ಬನ್ನೇರುಘಟ್ಟ ರಸ್ತೆಯ ಕಡೆಯ ಈ ಹಳ್ಳಿಯಲ್ಲಿ ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರು ತರಬೇತಿ ಸಿಕ್ಕರೆ ಮನೋರೋಗಕ್ಕೆ ಊರಲ್ಲೇ ಚಿಕಿತ್ಸೆ ಕೊಡಬಲ್ಲರು ಎಂದು ತೋರಿಸಿದ್ದು ಅದು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ಹಿಗ್ಗಿಸಿ ನೋಡಲಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಹೀಗೆ, ವ್ಯಸನಕ್ಕೆಂದು ಬೇರೆ ವಾರ್ಡು ತೆರೆಯುವ ಮುಂಚೆಯೇ, ಒಳಗಿಡುವುದು ಚಿಕಿತ್ಸೆಯ ಒಂದು ಭಾಗ ಮಾತ್ರ ಎಂಬುದನ್ನು ಈ ಊರು ಕಂಡುಕೊಂಡಿತ್ತು.

ವ್ಯಸನ ಬೇರೆ ವಿಭಾಗವಾದದ್ದು 1980ರ ದಶಕದ ಆತಂಕದಿಂದ. ಬ್ರೌನ್ ಶುಗರ್ ಎಂಬ ಕಳಪೆ ಹೆರಾಯಿನ್ ಭಾರತದ ಮಹಾನಗರಗಳಿಗೆ ಬಂತು. 1985ರ ನವೆಂಬರಿನಲ್ಲಿ ಮಾದಕ ವಸ್ತುಗಳನ್ನು ತಡೆಯುವ ಎನ್.ಡಿ.ಪಿ.ಎಸ್. ಕಾಯಿದೆ ಜಾರಿಯಾಯಿತು. ಅದು ಮಾರುವವನ ಜೊತೆಗೆ ಸೇವಿಸುವವನನ್ನೂ ಅಪರಾಧಿಯಾಗಿಸಿತು, ಆದರೆ ಬಾಗಿಲನ್ನು ಪೂರಾ ಮುಚ್ಚಲಿಲ್ಲ. ಚಿಕಿತ್ಸಾ ಕೇಂದ್ರಗಳನ್ನು ತೆರೆಯಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆ ಕೊಡುವ 64ಎ ಕಲಮು ಅದಕ್ಕೆ ಆಮೇಲೆ ಸೇರಿತು. ಅದೇ ದಶಕದಲ್ಲಿ ಕೇಂದ್ರದ ಕಲ್ಯಾಣ ಇಲಾಖೆ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ವ್ಯಸನಮುಕ್ತಿ ಕೇಂದ್ರಗಳನ್ನು ಬೆಳೆಸಲು ಹೊರಟಿತು. ನಿಮ್ಹಾನ್ಸ್‌ನಲ್ಲಿ ಡಿ-ಅಡಿಕ್ಷನ್ ಘಟಕ ಆರಂಭವಾದದ್ದು 1991ರಲ್ಲಿ. ಇಂದಿನ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್ ಬೆಳೆದದ್ದು ಅದರಿಂದಲೇ. ಹೆರಾಯಿನ್ ಭಯ ದೇಶದ ನೀತಿಯನ್ನು ರೂಪಿಸಿತಾದರೂ ಬೆಂಗಳೂರಿನ ವಾರ್ಡುಗಳನ್ನು ತುಂಬಿದ್ದು ಮುಖ್ಯವಾಗಿ ಸಾರಾಯಿ, ಬ್ರಾಂದಿ, ವಿಸ್ಕಿ. 2007ರ ಜುಲೈನಲ್ಲಿ ಕರ್ನಾಟಕ ಸಾರಾಯಿ ನಿಷೇಧಿಸಿದ ಮೇಲೂ ಅಲ್ಲಿಗೆ ಬರುವವರ ಸಾಲು ಕರಗಲಿಲ್ಲ.

ವ್ಯಸನಕ್ಕೆ ಆಸ್ಪತ್ರೆಯ ಹಾಸಿಗೆ ಏನು ಮಾಡಬಲ್ಲದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಗೊಂದಲವೆಲ್ಲ ಅಲ್ಲೇ ಇದೆ. ವರ್ಷಗಟ್ಟಲೆ ದಿನವೂ ಕುಡಿದವನು ಥಟ್ಟನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರು ಇಲ್ಲದ್ದನ್ನು ಕಾಣುತ್ತ, ಯಾರು ಎಲ್ಲಿ ಎಂಬ ಪರಿವೆ ತಪ್ಪಿ ಸಾವಿನ ಅಂಚಿಗೆ ಹೋಗುತ್ತಾರೆ. ಈ ಘಟ್ಟದಲ್ಲಿ ಥಯಮಿನ್ ಇಂಜೆಕ್ಷನ್ನು, ನರಗಳನ್ನು ಶಾಂತಗೊಳಿಸುವ ಔಷಧಿ, ರಾತ್ರಿಯೆಲ್ಲ ಎಚ್ಚರವಿರುವ ನರ್ಸು ಇವು ಪ್ರಾಣ ಉಳಿಸುತ್ತವೆ. ಹೆರಾಯಿನ್ ಅಥವಾ ಟ್ಯಾಪೆಂಟಡಾಲ್ ಮಾತ್ರೆಯಂಥ ನಶೆಯಿಂದ ಹೊರಬರುವುದು ಅಷ್ಟು ಮಾರಕವಲ್ಲ, ಆದರೆ ಸಹಿಸಲಾಗದ ಯಾತನೆ. ಬಹುಪಾಲು ಜನರಲ್ಲಿ ಈ ಘಟ್ಟ ಒಂದು ವಾರ, ಹತ್ತು ದಿನಗಳಲ್ಲಿ ಇಳಿಯುತ್ತದೆ. ಲಿವರ್ ಕೆಟ್ಟಿದ್ದರೆ, ಜೊತೆಗೆ ಖಿನ್ನತೆಯೋ ಇನ್ನೊಂದು ಮನೋರೋಗವೋ ಇದ್ದರೆ, ಇನ್ನು ಕೆಲವು ವಾರ ಬೇಕು. ಒಳರೋಗಿಯಾಗಿ ಇರುವುದಕ್ಕೆ ವೈದ್ಯಕೀಯ ಸಮರ್ಥನೆ ಇರುವುದು ಇಷ್ಟಕ್ಕೆ, ಮತ್ತು ಇಷ್ಟಕ್ಕೆ ಅದು ಬಲವಾಗಿಯೇ ಇದೆ. ಹಾಸಿಗೆ ಬೇಡವೆಂದು ನಾನು ವಾದಿಸುತ್ತಿಲ್ಲ. ಹತ್ತು ದಿನದ ಕೆಲಸವನ್ನು ಆರು ತಿಂಗಳ ಬೀಗ ಮಾಡಲಾರದು ಎನ್ನುತ್ತಿದ್ದೇನೆ.

ಪುನರ್ವಸತಿ ಕೇಂದ್ರಗಳ ಈ ಆರು ತಿಂಗಳ ಲೆಕ್ಕ ಬಂದದ್ದು ಆಸ್ಪತ್ರೆಯ ವಾರ್ಡಿನಿಂದಲ್ಲ, ಅದರ ವಂಶಾವಳಿಯೇ ಬೇರೆ. ಅಮೆರಿಕ ಸರ್ಕಾರ 1935ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಮಾದಕವ್ಯಸನಿಗಳಿಗೆಂದು ದೊಡ್ಡ ತೋಟದ ನಡುವೆ ಆಸ್ಪತ್ರೆಯೂ ಸೆರೆಮನೆಯೂ ಆದ ಸಂಸ್ಥೆಯೊಂದನ್ನು ಕಟ್ಟಿತು. ದನ ಕಾಯುವುದು, ಹೊಲ ಉಳುವುದು ಅಲ್ಲಿನ ಚಿಕಿತ್ಸೆ. ಅಲ್ಲಿಂದ ಹೊರಬಂದವರನ್ನು ಹಿಂಬಾಲಿಸಿ ನೋಡಿದಾಗ ಬಹುಪಾಲು ಮಂದಿ ಮತ್ತೆ ನಶೆಗೆ ಬಿದ್ದದ್ದು ಕಂಡುಬಂತು. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಿನನಾನ್ ಎಂಬ ವ್ಯಸನಮುಕ್ತಿ ಮನೆ ಇನ್ನೊಂದು ಮೂಲ. ಚಟ ಬಿಟ್ಟವರೇ ಚಟವಿರುವವರನ್ನು ತಿದ್ದುವ, ಬೈದು ಅವಮಾನಿಸಿ ಅಹಂಕಾರ ಮುರಿಯುವ, ಹೊರಗಿನ ನಂಟು ಕಡಿಯುವ ಪದ್ಧತಿ ಅಲ್ಲಿಂದ ಹಬ್ಬಿತು. ಒಳ್ಳೆಯ ಉದ್ದೇಶದಿಂದ ಹುಟ್ಟಿದ ಆ ಮನೆ, ಹೊರಗಿನವರಾರೂ ಪ್ರಶ್ನಿಸದ ಮುಚ್ಚಿದ ಲೋಕವಾಗಿ, ಇಪ್ಪತ್ತು ವರ್ಷದೊಳಗೆ ಹಿಂಸೆಗೆ ತಿರುಗಿತು. 1978ರಲ್ಲಿ ತಮ್ಮ ವಿರುದ್ಧ ವಾದಿಸಿದ ವಕೀಲರೊಬ್ಬರ ಅಂಚೆಪೆಟ್ಟಿಗೆಯಲ್ಲಿ ಅಲ್ಲಿನವರು ವಿಷಸರ್ಪ ಇಟ್ಟರು. ಇದೇ ಕಾಲದಲ್ಲಿ ಬಾಗಿಲು ತೆರೆದೇ ಬೆಳೆದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.). ಅದೂ 1935ರದೇ. ಅದಕ್ಕೆ ಕಟ್ಟಡವೂ ಇಲ್ಲ, ಬೀಗವೂ ಇಲ್ಲ. ಸಂಜೆ ಸೇರಿ ಮಾತಾಡಿ ಮನೆಗೆ ಹೋಗುವ ಬಳಗ ಅದು.

ದಕ್ಷಿಣ ಬೆಂಗಳೂರಿನ ಬಾಡಿಗೆ ಮನೆಯ ಕೇಂದ್ರಗಳು ಎರಡರಿಂದಲೂ ಎರವಲು ಪಡೆದಿವೆ. ಎ.ಎ.ಯಿಂದ ಚಟ ಬಿಡುವ ಹನ್ನೆರಡು ಮೆಟ್ಟಿಲುಗಳು, ಸಿನನಾನ್ ವಂಶದಿಂದ ಮುಚ್ಚಿದ ಬಾಗಿಲು. ಎಲ್ಲ ಕೇಂದ್ರಗಳೂ ಒಂದೇ ಅಲ್ಲ. ನೋಂದಣಿ ಮಾಡಿಸಿ, ವೈದ್ಯರನ್ನೂ ಆಪ್ತಸಮಾಲೋಚಕರನ್ನೂ ಇಟ್ಟುಕೊಂಡು ಪ್ರಾಮಾಣಿಕವಾಗಿ ನಡೆಸುವವರಿದ್ದಾರೆ, ಅವರಿಂದ ಬದುಕು ಮರಳಿ ಪಡೆದವರೂ ಇದ್ದಾರೆ. ಆದರೆ ರಾತ್ರಿ ಗಾಡಿ ತಂದು ಮಗನನ್ನು ಹೊತ್ತೊಯ್ಯುವ, ತಿಂಗಳುಗಟ್ಟಲೆ ಭೇಟಿಗೂ ಫೋನಿಗೂ ಬಿಡದ, ಹೊಡೆತವನ್ನೇ ಶಿಸ್ತು ಎನ್ನುವ ಜಾಗಗಳ ಸುದ್ದಿ ನಗರದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಇಂಥವು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2001ರ ಆಗಸ್ಟ್ 6ರ ಎರವಾಡಿ ಸಾಕ್ಷಿ. ತಮಿಳುನಾಡಿನ ಆ ಊರಿನ ದರ್ಗಾದ ಸುತ್ತಲಿನ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ರೋಗಿಗಳು ಓಡಲಾಗದೆ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಸುಟ್ಟುಹೋದರು. ಸುಪ್ರೀಂ ಕೋರ್ಟ್ ತಾನಾಗಿ ಕೈಗೆತ್ತಿಕೊಂಡ ಪ್ರಕರಣವದು. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಸ್ಪಷ್ಟವಾಗಿ ತನ್ನ ವ್ಯಾಪ್ತಿಗೆ ತಂದಿತು. ಅಂದರೆ ವ್ಯಸನಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಮನೆಗೂ ನೋಂದಣಿ ಬೇಕು. ಸರಪಳಿಯನ್ನು ಯಾವ ರೂಪದಲ್ಲೂ ಬಳಸುವಂತಿಲ್ಲ. ಒಳಗಿರುವವನಿಗೆ ಫೋನ್ ಮಾಡುವ, ಬಂದವರನ್ನು ಕಾಣುವ ಹಕ್ಕಿದೆ. ಅವನು ಸ್ವತಃ ನಿರ್ಧರಿಸುವ ಸ್ಥಿತಿಯಲ್ಲಿಲ್ಲದಾಗ ಮನೆಯವರ ಕೋರಿಕೆಯ ಮೇಲೆ ಸೇರಿಸಿಕೊಳ್ಳಬಹುದು, ಅದೂ ಮೊದಲಿಗೆ ಮೂವತ್ತು ದಿನದ ಮಿತಿಯೊಳಗೆ, ಇಬ್ಬರು ತಜ್ಞರು ಪ್ರತ್ಯೇಕವಾಗಿ ನೋಡಿದ ಮೇಲೆ.

ಕಾನೂನನ್ನು ಬದಿಗಿಟ್ಟು ಫಲಿತಾಂಶವನ್ನಷ್ಟೇ ನೋಡಿದರೂ ಉದ್ದನೆಯ ವಾಸದ ಪರ ಸಾಕ್ಷ್ಯ ತೆಳುವಾಗಿದೆ. 1977ರಲ್ಲಿ ಲಂಡನ್ನಿನ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಜಿಮ್ ಆರ್ಫರ್ಡ್ ನೂರು ಮಂದಿ ವಿವಾಹಿತ ಮದ್ಯವ್ಯಸನಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಅರ್ಧ ಮಂದಿಗೆ, ಬೇಕೆನಿಸಿದಾಗ ಆಸ್ಪತ್ರೆ ವಾಸವೂ ಸೇರಿದಂತೆ, ಲಭ್ಯವಿದ್ದ ಎಲ್ಲ ಚಿಕಿತ್ಸೆ ಸಿಕ್ಕಿತು. ಉಳಿದವರಿಗೆ ಹೆಂಡತಿಯನ್ನೂ ಕೂರಿಸಿಕೊಂಡು ಒಮ್ಮೆ ಗಟ್ಟಿಯಾಗಿ ಬುದ್ಧಿ ಹೇಳಿ ಕಳಿಸಲಾಯಿತು. ವರ್ಷದ ನಂತರ ನೋಡಿದರೆ ಎರಡು ಗುಂಪುಗಳ ನಡುವೆ ಗಣನೀಯ ಅಂತರವೇ ಇರಲಿಲ್ಲ. ಮನೋವೈದ್ಯರ ಲೋಕ ಇದನ್ನು ಅರಗಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ನಮಗೆ ಇನ್ನೂ ಹತ್ತಿರದ ಸಾಕ್ಷ್ಯ ಬೆಂಗಳೂರಿನದೇ. ಮುಂದೆ ನಿಮ್ಹಾನ್ಸ್ ನಿರ್ದೇಶಕಿಯಾದ ಡಾ. ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವದು. ನಗರದ ಬಡ ಬಡಾವಣೆಯಿಂದ ಬಂದು ಚಿಕಿತ್ಸೆ ಪಡೆದವರಿಗೆ, ವಾಪಸು ಹೋದ ಮೇಲೆ ಅವರ ಬಡಾವಣೆಯಲ್ಲೇ ಕ್ಲಿನಿಕ್ ನಡೆಸಿ ಆರೈಕೆ ಮುಂದುವರಿಸಲಾಯಿತು. ಆಸ್ಪತ್ರೆಯ ಸಾಮಾನ್ಯ ಚಿಕಿತ್ಸೆ ಮಾತ್ರ ಸಿಕ್ಕ ಗುಂಪಿನೊಂದಿಗೆ ಹೋಲಿಸಿ ನೋಡಿದಾಗ ಮುಂದುವರಿದ ಆರೈಕೆ ಸಿಕ್ಕವರು ಸ್ಪಷ್ಟವಾಗಿ ಮೇಲಿದ್ದರು. ಡಿಸ್ಚಾರ್ಜ್ ಆದ ಮೇಲೆ ವಾರವಾರ ಯಾರಾದರೂ ಕೇಳುವವರಿದ್ದಾರೆಯೇ ಎಂಬುದು ಅಲ್ಲಿ ತೂಗಿತು.

ಇಲ್ಲಿ ಮೊದಲ ಆಕ್ಷೇಪ ಮನೆಯವರದು, ಮತ್ತು ಅದು ಎಲ್ಲಕ್ಕಿಂತ ನೋವಿನದು. ಹೆಂಡತಿಗೆ ಹೊಡೆಯುತ್ತಾನೆ, ತಾಯಿಯ ಒಡವೆ ಅಡವಿಟ್ಟಿದ್ದಾನೆ, ಮಕ್ಕಳು ಪರೀಕ್ಷೆಗೆ ಓದುವಂತಿಲ್ಲ. ಇಂಥವನನ್ನು ಮನೆಯಲ್ಲಿಟ್ಟುಕೊಂಡು ಚಿಕಿತ್ಸೆ ಕೊಡಿಸಿ ಎನ್ನುವವರು ಒಂದು ರಾತ್ರಿ ಅಲ್ಲಿದ್ದು ನೋಡಲಿ ಎಂದು ಅವರು ಹೇಳಿದರೆ ಅದಕ್ಕೆ ಎದುರಾಡುವ ಹಕ್ಕು ಯಾರಿಗೂ ಇಲ್ಲ. ಆ ಹೆಂಗಸಿಗೆ ಬಿಡುವು ಬೇಕು, ರಕ್ಷಣೆ ಬೇಕು, ಅದಕ್ಕಾಗಿ ಅವನು ಕೆಲವು ವಾರ ಬೇರೆಡೆ ಇರಬೇಕಾಗಬಹುದು. ಆದರೆ ಆ ವಾರಗಳಲ್ಲಿ ಅವಳಿಗೆ ಏನು ಕಲಿಸಲಾಯಿತು, ಯಾರು ಅವಳ ಮಾತು ಕೇಳಿದರು ಎಂದು ನಾವು ಕೇಳುವುದಿಲ್ಲ. ಭೇಟಿಗೆ ಬಿಡದ ಕೇಂದ್ರ ಅವಳನ್ನು ಫೀಸು ಕಟ್ಟುವವಳನ್ನಾಗಿ ಮಾತ್ರ ಕಾಣುತ್ತದೆ. ಅವನು ಹೊರಬಂದ ದಿನ ಅವಳ ಭಯ ಇದ್ದಲ್ಲೇ ಇರುತ್ತದೆ, ಅವನ ಸಿಟ್ಟಿಗೆ ಮಾತ್ರ ಹೊಸ ಕಾರಣ ಸೇರಿರುತ್ತದೆ: ನನ್ನನ್ನು ಹಿಡಿದುಕೊಟ್ಟವಳು ನೀನು.

ಎರಡನೆಯ ಆಕ್ಷೇಪ ಶಾಸ್ತ್ರೀಯವಾದದ್ದು. ತೊಂಬತ್ತು ದಿನಕ್ಕಿಂತ ಕಡಿಮೆ ಅವಧಿಯ ಚಿಕಿತ್ಸೆಯಿಂದ ಹೆಚ್ಚು ಫಲವಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆಯೇ ಹೇಳಿದೆಯಲ್ಲ? ಹೇಳಿದೆ. ಆದರೆ ಅದು ಹೇಳಿದ್ದು ಚಿಕಿತ್ಸೆಯಲ್ಲಿ ಉಳಿಯುವ ಅವಧಿಯ ಬಗ್ಗೆ, ಹೊರರೋಗಿಯಾಗಿ ಬಂದುಹೋಗುವವರನ್ನೂ ಸೇರಿಸಿಕೊಂಡು. ತೊಂಬತ್ತು ದಿನ ಬೀಗದೊಳಗಿದ್ದು ತೊಂಬತ್ತೊಂದನೆಯ ದಿನ ಯಾರೂ ವಿಚಾರಿಸದವನಿಗಿಂತ, ಹತ್ತು ದಿನ ವಾರ್ಡಿನಲ್ಲಿದ್ದು ವರ್ಷವಿಡೀ ಓಪಿಡಿಗೆ ಬಂದವನು ಹೆಚ್ಚು ಕಾಲ ಚಿಕಿತ್ಸೆಯಲ್ಲಿದ್ದಾನೆ. ಹೆರಾಯಿನ್ನಿನಂಥ ಓಪಿಯಾಯ್ಡ್ ವ್ಯಸನಿಗಳಲ್ಲಂತೂ ಮುಚ್ಚಿದ ವಾಸ ಅಪಾಯವನ್ನೇ ತರಬಲ್ಲದು. ನಶೆಯಿಲ್ಲದೆ ಕೆಲವು ವಾರ ಕಳೆದ ದೇಹ ಹಳೆಯ ಪ್ರಮಾಣವನ್ನು ತಡೆದುಕೊಳ್ಳಲಾರದು. ಹೊರಬಂದವನು ಮೊದಲಿನಷ್ಟೇ ಚುಚ್ಚಿಕೊಂಡರೆ ಉಸಿರು ನಿಲ್ಲುತ್ತದೆ. ಲಂಡನ್ನಿನ ಜಾನ್ ಸ್ಟ್ರಾಂಗ್ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿತಿಮೀರಿದ ಪ್ರಮಾಣದಿಂದ ಸತ್ತವರು ಒಳರೋಗಿ ಚಿಕಿತ್ಸೆಯನ್ನು ಯಶಸ್ವಿಯಾಗಿ ಮುಗಿಸಿದವರೇ ಆಗಿದ್ದರು. ಆದ್ದರಿಂದಲೇ ಬ್ಯುಪ್ರೆನಾರ್ಫಿನ್‌ನಂಥ ಬದಲಿ ಔಷಧಿಯನ್ನು ದೀರ್ಘಕಾಲ ಕೊಡುವ ಪದ್ಧತಿ ಬಂದದ್ದು. ಒಂದು ಚಟಕ್ಕೆ ಇನ್ನೊಂದು ಚಟ ಎಂದು ಅದನ್ನು ಹಳಿಯುವವರಿದ್ದಾರೆ. ವೈದ್ಯರ ಕಣ್ಣೆದುರು ಒಂದು ಮಾತ್ರೆ ನಾಲಿಗೆಯಡಿ ಇಟ್ಟುಕೊಂಡು ಕೆಲಸಕ್ಕೆ ಹೋಗುವವನನ್ನು, ಕೊಳಕು ಸೂಜಿಗಾಗಿ ಕದಿಯುವವನ ಜೊತೆ ಸಮನಾಗಿ ತೂಗುವುದು ನ್ಯಾಯವಲ್ಲ.

ಇನ್ನೊಂದು ವಾದವೂ ಇದೆ: ಜಾಗ ಬದಲಾದರೆ ಚಟ ಹೋಗುತ್ತದೆ, ಆದ್ದರಿಂದ ದೂರ ಕಳಿಸಿ. ಇದಕ್ಕೆ ಒಳ್ಳೆಯ ಆಧಾರವೇ ಇದೆ. ವಿಯೆಟ್ನಾಂನಲ್ಲಿ ಹೆರಾಯಿನ್ನಿಗೆ ಅಂಟಿಕೊಂಡಿದ್ದ ಅಮೆರಿಕದ ಸೈನಿಕರಲ್ಲಿ ಬಹುಪಾಲು ಮಂದಿ ಊರಿಗೆ ಮರಳಿದ ಮೇಲೆ ಮತ್ತೆ ವ್ಯಸನಿಗಳಾಗಲಿಲ್ಲ ಎಂದು ಲೀ ರಾಬಿನ್ಸ್ 1970ರ ದಶಕದಲ್ಲಿ ತೋರಿಸಿದರು. ಆದರೆ ಆ ಸೈನಿಕರು ಯುದ್ಧ ಬಿಟ್ಟು ಮನೆಗೆ ಬಂದಿದ್ದರು, ಮತ್ತೆ ಯುದ್ಧಭೂಮಿಗೆ ಹೋಗಲಿಲ್ಲ. ಕನಕಪುರ ರಸ್ತೆಯ ಕೇಂದ್ರದಿಂದ ಬರುವವನು ಮರಳುವುದು ಅದೇ ಬಾರಿರುವ ಅದೇ ಅಡ್ಡರಸ್ತೆಗೆ, ಅದೇ ಗೆಳೆಯರ ಬಳಿಗೆ, ಹಲವು ಸಲ ಅದೇ ಕೆಲಸವಿಲ್ಲದ ಹಗಲುಗಳಿಗೆ. ರಾಬಿನ್ಸ್ ಅಧ್ಯಯನದಿಂದ ಕಲಿಯಬೇಕಾದ್ದು ಅಡ್ಡರಸ್ತೆಯನ್ನು ಸರಿಮಾಡುವುದನ್ನು. ಧರ್ಮಸ್ಥಳದ ಜನಜಾಗೃತಿ ವೇದಿಕೆ ರಾಜ್ಯದುದ್ದಕ್ಕೂ ನಡೆಸಿರುವ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳು ಇದನ್ನು ಬೇರೆ ದಾರಿಯಿಂದ ಕಂಡುಕೊಂಡಿವೆ. ಎಂಟು ದಿನದ ಶಿಬಿರ, ಅದೂ ವ್ಯಸನಿಯ ಸೀಮೆಯಲ್ಲೇ, ಊರಿನ ಮುಖಂಡರ ಜವಾಬ್ದಾರಿಯಲ್ಲಿ. ಮುಗಿದ ಮೇಲೆ ಕುಡಿತ ಬಿಟ್ಟವರದೇ ನವಜೀವನ ಸಮಿತಿ. ತಂಜಾವೂರು ಸೀಮೆಯ ಮಂಜಕ್ಕುಡಿಯಲ್ಲಿ ಚೆನ್ನೈನ ಶಾಂತಿ ರಂಗನಾಥನ್ ಸಂಸ್ಥೆಯವರು ಮಾಡಿದ ಪ್ರಯೋಗವೂ ಇದೇ ಜಾತಿಯದು. ಶಿಬಿರಗಳ ಭಜನೆ, ಪ್ರಮಾಣ ಎಲ್ಲರಿಗೂ ಒಗ್ಗಬೇಕಿಲ್ಲ. ಫಿಟ್ಸ್ ಬರುವವನಿಗೆ ಅಲ್ಲಿ ವೈದ್ಯರಿಲ್ಲದಿದ್ದರೆ ಅಪಾಯ ಎಂಬುದೂ ನಿಜ. ಆದರೂ ಅವನು ತನ್ನವರ ನಡುವೆಯೇ ಬಿಡಬೇಕು ಎಂಬ ಅವರ ಎಣಿಕೆ ಸರಿಯಾಗಿದೆ.

ಕೊನೆಯದು ಅಂಕಿಯ ವಾದ. ಸರ್ಕಾರಿ ಹಾಸಿಗೆಗಳು ಸಾಲವು, ಖಾಸಗಿಯವರನ್ನೂ ಬಿಗಿದರೆ ಜನ ಎಲ್ಲಿಗೆ ಹೋಗಬೇಕು? ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಇದಕ್ಕೆ ಉತ್ತರ ಕೊಡುತ್ತದೆ. ಕುಡಿತದ ಸಮಸ್ಯೆಗೆ ನೆರವು ಬೇಕಾದವರು ದೇಶದಲ್ಲಿ 5.7 ಕೋಟಿ. ಮದ್ಯಕ್ಕೆ ಅವಲಂಬಿತರಾದವರಲ್ಲಿ 38 ಜನರಿಗೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ, 180 ಜನರಿಗೆ ಒಬ್ಬರು ಮಾತ್ರ ಒಳರೋಗಿಯಾಗಿ ಚಿಕಿತ್ಸೆ ಪಡೆದಿದ್ದಾರೆ. ಹಾಸಿಗೆಗಳನ್ನು ಹತ್ತು ಪಟ್ಟು ಮಾಡಿದರೂ ಈ ಕಂದಕ ತುಂಬದು. ತುಂಬಬಲ್ಲದ್ದು ಸಕಲವಾರದ ದಾರಿ. ಜಯನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ, ಬನಶಂಕರಿ, ಬಿ.ಟಿ.ಎಂ.ಗಳ ನಗರ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಂದು ಸಂಜೆ ವ್ಯಸನದ ಓಪಿಡಿ ಇರಬೇಕು, ಕೂಲಿಯವರು, ಆಟೋದವರು ಕೆಲಸ ಮುಗಿಸಿ ಬರುವ ಹೊತ್ತಿಗೆ. ಅಲ್ಲಿ ಔಷಧಿ ಉಚಿತವಾಗಿ ಸಿಗಬೇಕು, ಹೆಂಡತಿ ತಾಯಂದಿರ ಜೊತೆ ಕೂತು ಮಾತಾಡಲು ಒಬ್ಬ ಸಮಾಜ ಕಾರ್ಯಕರ್ತೆ ಇರಬೇಕು. ಫಿಟ್ಸ್, ಭ್ರಮೆ ಬಂದವನನ್ನು ಆ ರಾತ್ರಿಯೇ ಹೊಸೂರು ರಸ್ತೆಗೆ ಕಳಿಸಿ, ಹತ್ತು ದಿನದ ಮೇಲೆ ಅದೇ ಸಮಾಜ ಕಾರ್ಯಕರ್ತೆ ಅವನನ್ನು ವಾಪಸು ತನ್ನ ಪಟ್ಟಿಗೆ ಸೇರಿಸಿಕೊಳ್ಳಬೇಕು. ಇದನ್ನು ಕಲಿಸಲು ಬೇಕಾದ ಜನ ಕೆಲವೇ ಕಿಲೋಮೀಟರು ದೂರದಲ್ಲಿ, ನಿಮ್ಹಾನ್ಸ್‌ನಲ್ಲಿದ್ದಾರೆ. ಹಳ್ಳಿಯ ವೈದ್ಯರಿಗೆ ಅವರು ಕಲಿಸಿಕೊಟ್ಟು ಐವತ್ತು ವರ್ಷವಾಗುತ್ತ ಬಂತು.